ತಲಬಾಗಿಲಿನ ಕಬ್ಬಿಣದ ತಗಡು

ಜಮಖಂಡಿಯ ಹಳೇ ಪೇಟೆಯ ಹಿಂದಿನ ಓಣಿಗಳಲ್ಲಿ ಭಾನುವಾರ ಮುಂಜಾನೆ ಜನರನ್ನು ಕರೆದುಕೊಂಡು ಹೋಗಿ ವಾಡೇಗಳನ್ನು ತೋರಿಸುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ಒಬ್ಬ ಹಿರಿಯ ವಕೀಲರಿಂದ. ಅದನ್ನು ಶುರು ಮಾಡಿದವರು ಅವರೇ. ಸಂಸ್ಥಾನದ ಕಾಲದ ದೊಡ್ಡ ಮನೆಗಳು ಒಂದೊಂದಾಗಿ ಬೀಳುತ್ತಿವೆ, ಬೀಳುವ ಮೊದಲು ನಮ್ಮ ಮಕ್ಕಳು ಒಮ್ಮೆಯಾದರೂ ಕಣ್ಣಾರೆ ನೋಡಲಿ ಎಂಬುದು ಅವರ ಹಟ. ಮೊಣಕಾಲು ಸೋತ ಮೇಲೆ, ಹೈಸ್ಕೂಲಿನಲ್ಲಿ ಇತಿಹಾಸ ಹೇಳುತ್ತಿದ್ದ ನನ್ನನ್ನು ಮನೆಗೆ ಕರೆಸಿ, ಯಾವ ಮನೆಯ ಮುಂದೆ ನಿಂತು ಏನು ಹೇಳಬೇಕು ಎಂಬುದನ್ನು ಚಹಾ ಕುಡಿಯುತ್ತಲೇ ಬಾಯಿಪಾಠ ಮಾಡಿಸಿದರು.

"ಮಂದಿಗಿ ತಾರೀಖ ಬ್ಯಾಡ ಅಕ್ಕಾರ, ಕತಿ ಬೇಕು," ಎಂದರು.

ಬಾಗಲಕೋಟೆ ಜಿಲ್ಲೆ ಬೇರೆಯಾಗಿ ಹತ್ತು ವರ್ಷ ದಾಟಿದ್ದ ಕಾಲ ಅದು. ಹೊಸ ಹೊಸ ಆಫೀಸುಗಳಿಗೆ ಹೊರಗಿನಿಂದ ಬಂದವರು, ಬ್ಯಾಂಕಿನವರು, ಬಿ.ಎಡ್. ಕಾಲೇಜಿನ ವಿದ್ಯಾರ್ಥಿನಿಯರು, ಮದುವೆ ಮುಂಜಿಗೆಂದು ಬಂದು ಹೊತ್ತು ಹೋಗದ ಬೀಗರು, ಇಂಥವರೇ ನಮ್ಮ ನಡಿಗೆಗೆ ಬರುತ್ತಿದ್ದರು.

ನಾನು ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದವಳು. ನಮ್ಮ ಮನೆಯಲ್ಲಿ ಯಾರೂ ಯಾವುದನ್ನೂ ಮೇಲೆ ಮೇಲೆ ನೋಡಿ ನಂಬುವವರಲ್ಲ. ಸೀರೆ ಕೈಗೆ ಬಂದರೆ ಮೊದಲು ತಿರುವಿ ಹಿಂದಿನ ಮಗ್ಗುಲು ನೋಡುತ್ತಾರೆ, ಅಂಚಿನ ದಾರ ಜಗ್ಗುತ್ತಾರೆ, ಸೆರಗು ಜೋಡಿಸಿದ ಜಾಗವನ್ನು ಬೆಳಕಿಗೆ ಹಿಡಿಯುತ್ತಾರೆ. ಹೆಣ್ಣು ನೋಡಲು ಬಂದ ದಿನ ನನ್ನಪ್ಪ ವರನ ಅಂಗಿಯ ಕಾಲರಿನ ಒಳಬದಿಯನ್ನು ಮುಟ್ಟಿ ನೋಡಿದ್ದರೆಂದು ನನ್ನ ಗಂಡ ಇಂದಿಗೂ ಹೇಳಿ ನಗುತ್ತಾರೆ. ಆದರೂ ವಕೀಲರು ಕಲಿಸಿದ ಕತೆಗಳನ್ನು ನಾನು ತಿರುವಿ ನೋಡಿರಲಿಲ್ಲ. ಹೇಳಿದವರು ದೊಡ್ಡವರು, ಸುದ್ದಿಯೂ ದೊಡ್ಡ ಮನೆಗಳದು. ಮಗ್ಗದ ಸಪ್ಪಳದಲ್ಲಿ ಬೆಳೆದವಳಿಗೆ ಆ ಝುಂಬರು, ಮೇಣೆ, ಅತ್ತರುಗಳ ಮಾತಿನಲ್ಲಿ ಒಂದು ಸೆಳೆತವೂ ಇತ್ತು.

ನಡಿಗೆ ಶುರುವಾಗುತ್ತಿದ್ದದ್ದು ಸಂಸ್ಥಾನದ ಕಾರಭಾರಿಗಳ ವಾಡೇದಿಂದ. ಅಲ್ಲಿನ ಪಡಸಾಲೆಯ ತೊಲೆಗೆ ಮುಂಬಯಿಯಿಂದ ತರಿಸಿದ ಝುಂಬರು, ಗಾಜಿನ ದೀಪಗಳ ಗೊಂಚಲು, ತೂಗುತ್ತಿತ್ತು. ಕುಡಚಿ ಸ್ಟೇಶನ್ನಿನಲ್ಲಿ ಇಳಿಸಿಕೊಂಡು, ಚಕ್ಕಡಿಯಲ್ಲಿ ಹುಲ್ಲು ತುಂಬಿ, ಅದರ ನಡುವೆ ಕೂಸನ್ನು ಮಲಗಿಸಿದಂತೆ ಮಲಗಿಸಿ ತಂದರಂತೆ. ಆಮೇಲೆ ಸಾವಕಾರರ ಮನೆ. ಬಣ್ಣದ ಗಾಜಿನ ಕಿಟಕಿಗಳು, ಬಾಗಿಲಿಗೆ ಸಿಂಹದ ಮುಖದ ಹಿತ್ತಾಳೆ ಬಳೆ. ಆ ಮನೆಯ ಹೆಂಗಸರು ಅರಿಷಿಣ ಕುಂಕುಮಕ್ಕೆ ಎದುರು ಮನೆಗೆ ಹೋಗುವಾಗಲೂ ಪರದೆ ಕಟ್ಟಿದ ಮೇಣೆಯಲ್ಲೇ ಹೋಗುತ್ತಿದ್ದರು. ಊರಿಗೆ ಮೊದಲ ಮೋಟಾರು ತಂದವರೂ ಅವರೇ. ಗುಡ್ಡದ ಏರಿನಲ್ಲಿ ಅದಕ್ಕೆ ಎತ್ತು ಹೂಡುತ್ತಿದ್ದರು ಎಂದಾಗ ಜನ ತಪ್ಪದೇ ನಗುತ್ತಿದ್ದರು. ಕೊನೆಗೆ ಓಣಿಯ ತುದಿಯ ದೊಡ್ಡ ವಾಡೇ, ಅದರ ತಲಬಾಗಿಲು. ನಮ್ಮ ನಡಿಗೆಯ ಕಳಶವೇ ಅದು.

ನಾವು ನೋಡಲು ಹೋಗುತ್ತಿದ್ದವರಿಗೆ ಮಾತ್ರ ನಮ್ಮ ಮೇಲೆ ಸಂಶಯ ತಪ್ಪಿದ್ದಲ್ಲ. ಹತ್ತಾರು ಜನ ಗುಂಪು ಕಟ್ಟಿ ನಿಂತು ಗೋಡೆ ನೋಡುತ್ತಿದ್ದರೆ ಯಾರಿಗೆ ಸಮಾಧಾನ ಇದ್ದೀತು? ಒಮ್ಮೆ ಸಾವಕಾರರ ಮನೆಯ ಸೊಸೆ ಮಹಡಿಯಿಂದಲೇ ಕೂಗಿದಳು, "ರೋಡ ಅಗಲ ಮಾಡಾಕ ಅಳತಿ ತಗೊಳ್ಳಾಕತ್ತೀರೇನ? ಕೋರ್ಟಿನ್ಯಾಗ ಸ್ಟೇ ಐತಿ, ತಿಳಕೋರಿ!" ನಾನು ಸಾಲಿ ಅಕ್ಕೋರು, ಮಂದಿಗೆ ಮನೆ ತೋರಿಸುತ್ತಿದ್ದೇನೆ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. "ಪುಕ್ಕಟ ಯಾರ ಯಾರಿಗೆ ಮನಿ ತೋರಸ್ತಾರ?" ಎಂದಳು. ಅದೂ ಖರೆಯೇ.

ಸಂಕ್ರಾಂತಿ ಮುಗಿದ ಮೇಲಿನ ಒಂದು ಭಾನುವಾರ ಗುಂಪಿನ ಹಿಂದೆ ಒಬ್ಬ ಗಂಡಸು ಬಂದು ನಿಂತರು. ಐವತ್ತರ ಆಸುಪಾಸು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೆರಳಲ್ಲಿ ದಪ್ಪ ಉಂಗುರ, ಕೈಯಲ್ಲಿ ಸಣ್ಣ ಬ್ಯಾಟರಿ. ಹಾಡುಹಗಲು ಬ್ಯಾಟರಿ ಯಾಕೆ ಎಂದು ಅಲ್ಲಿಯೇ ನನ್ನ ಮನಸ್ಸು ಕುಟುಕಿತು. ಯಾವೂರು ಎಂದು ಕೇಳಿದೆ.

"ಮಹಾಲಿಂಗಪುರದಾಗ ಬೆಲ್ಲದ ದಂಧೆ ಮಾಡತೀನ್ರಿ," ಎಂದರು.

ಬೆಲ್ಲದ ವ್ಯಾಪಾರಿಗೆ ವಾಡೇ ಯಾಕೆ? ಕೇಳಲಿಲ್ಲ, ಕಣ್ಣು ಮಾತ್ರ ಅವರ ಮೇಲೆಯೇ ಇಟ್ಟೆ. ಝುಂಬರಿನ ಕೆಳಗೆ ಎಲ್ಲರೂ ತಲೆ ಎತ್ತಿ ನಿಂತಾಗ ಅವರು ಗಡಿಯಾರ ನೋಡುತ್ತಿದ್ದರು. ಮೋಟಾರಿನ ಕತೆಗೂ ನಗಲಿಲ್ಲ. ದೊಡ್ಡ ವಾಡೇದ ತಲಬಾಗಿಲಿನ ಮುಂದೆ ಬಂದದ್ದೇ ಬೇರೆಯೇ ಮನುಷ್ಯನಾಗಿಬಿಟ್ಟರು.

ಆ ಬಾಗಿಲು ಯಾರನ್ನಾದರೂ ನಿಲ್ಲಿಸುವಂಥದ್ದೇ. ಆನೆ ಹೋಗುವಷ್ಟು ಎತ್ತರದ ಎರಡು ಸಾಗವಾನಿ ಕದಗಳು, ಮೈತುಂಬ ಕಬ್ಬಿಣದ ಮೊನೆಗಳು, ಚೌಕಟ್ಟಿನ ಮೇಲೆ ಬಳ್ಳಿ, ಗಿಳಿ, ಹಂಸಗಳ ಕೆತ್ತನೆ. ಬಲಗಡೆಯ ಕದದೊಳಗೆ ಒಂದು ದಿಡ್ಡಿ ಬಾಗಿಲು. ದೊಡ್ಡ ಕದ ತೆರೆಯುವುದು ದೊಡ್ಡವರಿಗೆ, ಹಬ್ಬಹುಣ್ಣಿವೆಗೆ ಎಂಬುದು ಹಿಂದಿನ ರೂಢಿ. ಉಳಿದವರು ಉಳಿದ ದಿನ ದಿಡ್ಡಿಯಲ್ಲಿ ನಡು ಬಗ್ಗಿಸಿ ನುಸುಳಬೇಕು. ಆ ದಿಡ್ಡಿಯ ಮೇಲೆ, ಮೊಣಕಾಲಿನ ಮಟ್ಟದಲ್ಲಿ, ದಪ್ಪ ಮೊಳೆ ಬಡಿದು ಕೂರಿಸಿದ ಒಂದು ಕಬ್ಬಿಣದ ತಗಡು. ನಾನು ಅದನ್ನು ಮುಟ್ಟಿ, ದನಿ ಸ್ವಲ್ಪ ಏರಿಸಿ, ವಕೀಲರು ಕಲಿಸಿದ ಹಾಗೆ ಹೇಳಿದೆ: "ಬಂಡಾಯದ ಕಾಲದಲ್ಲಿ ಇಂಗ್ಲಿಷರ ತೋಫಿನ ಗುಂಡು ಬಡಿದದ್ದು ಇಲ್ಲಿಗೇ. ಏಳು ತಲೆಮಾರಿನಿಂದ ಈ ಮನೆತನವನ್ನು ಕಾಯುತ್ತಿರುವ ಬಾಗಿಲು ಇದು."

ವಿದ್ಯಾರ್ಥಿನಿಯರು "ಅಬ್ಬಾ" ಎಂದರು. ಆ ಗೃಹಸ್ಥರು ಮುಂದೆ ಬಂದು ಕುಕ್ಕರುಗಾಲಲ್ಲಿ ಕುಳಿತು, ತಗಡಿನ ಅಂಚಿಗೆ ಬ್ಯಾಟರಿ ಹಿಡಿದು ನೋಡಿದರು. ಮೊಳೆಗಳ ಮೇಲೆ ಬೆರಳಾಡಿಸಿದರು. ಗೇಣು ಹಾಕಿ ಅಳೆದರು. ಎದ್ದು ನಿಂತು, ಮೆಲ್ಲಗೆ ನನ್ನನ್ನೇ ಕೇಳಿದರು, "ಈ ಬಾಗಲಾ ಇಲ್ಲಿ ಯಾವಾಗ ಕುಂದ್ರಿಸಿದ್ರ ಅಕ್ಕಾರ?"

"ಏಳು ತಲೆಮಾರು ಅಂದೆನಲ್ಲರಿ."

"ಹೌದೇನ್ರಿ," ಎಂದರು. ಆ ಒಂದು ಶಬ್ದ ಹೇಳಿದ ರೀತಿ ನನಗೆ ಹಿಡಿಸಲಿಲ್ಲ.

ಆ ದಿನಗಳಲ್ಲಿ ನಮ್ಮ ಕಡೆ ಹಳೇ ಸಾಮಾನು ಕೊಳ್ಳುವವರ ಕಾಟ ಇತ್ತು. ಹಿತ್ತಾಳೆಯ ದೀಪದ ಸಮೆ, ಕೆತ್ತನೆಯ ಕಂಬ, ತೂಗುಮಣೆಯ ಸರಪಳಿ, ಏನು ಸಿಕ್ಕರೂ ಲಾರಿಗೆ ಹಾಕಿ ದೊಡ್ಡ ಊರುಗಳ ಹೋಟೆಲುಗಳಿಗೆ ಮಾರುತ್ತಿದ್ದರು. ಕೊಟ್ಟರೆ ಕೊಂಡರು, ಕೊಡದಿದ್ದರೆ ಕದ್ದರು ಎಂಬ ಮಾತೂ ಇತ್ತು. ಮುಂದಿನ ಭಾನುವಾರ ನಾನು ಗುಂಪಿನೊಂದಿಗೆ ಸಾವಕಾರರ ಮನೆಯ ಮುಂದೆ ಹೋಗಿ ನಿಂತಾಗ ಬಾಗಿಲ ಮೇಲೆ ಸಿಂಹದ ಬಳೆ ಇರಲಿಲ್ಲ. ಇದ್ದ ಜಾಗದಲ್ಲಿ ಎರಡು ತೂತು ಮಾತ್ರ. ತಿರುಗಿ ನೋಡಿದರೆ, ಬಿಳಿ ಅಂಗಿಯವರು ಮತ್ತೆ ಬಂದಿದ್ದಾರೆ. ಈ ಸಲ ಜೊತೆಗೆ ಇನ್ನೊಬ್ಬ, ಕಿವಿಯ ಮೇಲೆ ಸೀಸದ ಕಡ್ಡಿ ಸಿಕ್ಕಿಸಿಕೊಂಡವನು. ಬಡಿಗ ಎಂದು ಯಾರೂ ಹೇಳಬೇಕಿರಲಿಲ್ಲ. ದೊಡ್ಡ ವಾಡೇದ ಮುಂದೆ ಅವನು ಕದವನ್ನು ಬೆರಳ ಗಂಟಿನಿಂದ ಕುಟ್ಟಿ, ಚೌಕಟ್ಟು ಗೋಡೆಗೆ ಸೇರುವ ಜಾಗದಲ್ಲಿ ಕಣ್ಣಿಟ್ಟು ನೋಡಿ, ಇವರ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಇವರು ತಲೆಯಾಡಿಸಿದರು.

ಮರುದಿನ ಶಾಲೆ ಬಿಟ್ಟವಳೇ ನೆಟ್ಟಗೆ ದೊಡ್ಡ ವಾಡೇಕ್ಕೆ ಹೋದೆ. ಅದು ತುಂಬಿದ ಮನೆ. ಯಜಮಾನರು, ಅವರ ಇಬ್ಬರು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಮಹಡಿಯಲ್ಲಿ ಬಾಡಿಗೆಗೆ ಕೊಟ್ಟ ಟ್ಯೂಶನ್ ಕ್ಲಾಸು, ಹಿತ್ತಲಿಗೆ ಹತ್ತಿದ ಕೋಣೆಯಲ್ಲಿ ಯಜಮಾನರ ವಿಧವೆ ಅಕ್ಕ. ಓಣಿಯವರೆಲ್ಲ ಅವರನ್ನು ಬಾಯಿಸಾಹೇಬರು ಎನ್ನುತ್ತಿದ್ದರು. ಯಜಮಾನರು ಕೋಟಿನ ಗುಂಡಿ ಹಾಕಿಕೊಳ್ಳದೆ ಪರರ ಎದುರು ಬಂದವರಲ್ಲ. ಅಂದೂ ಹಾಗೆಯೇ ಬಂದು ಕುಳಿತರು. ನಾನು ಬೆಲ್ಲದ ವ್ಯಾಪಾರಿಯ ಸಂಗತಿ, ಬಡಿಗನ ಸಂಗತಿ, ಸಾವಕಾರರ ಮನೆಯ ಬಳೆ ಹೋದ ಸಂಗತಿ ಎಲ್ಲ ಹೇಳಿದೆ. ಬಾಗಿಲಿಗೆ ಒಂದು ಕಣ್ಣಿಡಿ ಎಂದೆ.

ಸಿಟ್ಟಿಗೇಳುತ್ತಾರೆ, ಪೊಲೀಸರಿಗೆ ಹೇಳೋಣ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಬಿಳುಚಿತು.

"ಎಲ್ಲೆ ನೋಡಿದಾ? ಚೌಕಟ್ಟಿನ ಬಾಜೂಕ ನೋಡಿದನೇನು?"

"ಹೌದ್ರಿ. ಗ್ವಾಡಿಗಿ ಹತ್ತಿದ ಕಡೆ."

"ಯಾವೂರವ ಅಂದ?"

"ಮಹಾಲಿಂಗಪುರ ಅಂದಾರ."

"ಮೂಲ ಯಾವೂರು?"

ನನಗೆ ಗೊತ್ತಿರಲಿಲ್ಲ. ಅವರು ಎದ್ದು ಆಚೆ ಈಚೆ ತಿರುಗಾಡಿ, "ಅಕ್ಕಾರ, ಇನ್ನ ಮ್ಯಾಲೆ ಈ ಬಾಗಿಲಾ ತೋರಸೋದು ಬ್ಯಾಡ. ಝುಂಬರ ತೋರಸ್ರಿ, ಸಾಕು. ನಮ್ಮ ಮನ್ಯಾಗ ಹುಡುಗರ ಅಭ್ಯಾಸಕ್ಕ ತ್ರಾಸ ಆಗ್ತದ," ಎಂದರು. ಎರಡು ವರ್ಷದಿಂದ ಪ್ರತಿ ಭಾನುವಾರ ತಾವೇ ದಿಡ್ಡಿಯಿಂದ ಇಣುಕಿ, ತೋಫಿನ ಗುಂಡಿನ ಮಾತು ಬಂದಾಗ ತಲೆದೂಗಿ ಹೋಗುತ್ತಿದ್ದವರು ಇವರೇ.

ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಕಳ್ಳನ ಸುದ್ದಿ ಹೇಳಿದರೆ ಮನೆಯವನೇ ಯಾಕೆ ಬೆವರಬೇಕು? ಅಂದರೆ ಇಬ್ಬರೂ ಕೂಡಿದ್ದಾರೆಯೇ? ಮಕ್ಕಳಿಗೆ ತಿಳಿಯದಂತೆ ಬಾಗಿಲು ಮಾರುವ ಮಾತು ನಡೆದಿದೆಯೇ? ನನ್ನ ನಡಿಗೆಯನ್ನೇ ಇವರು ಅಂಗಡಿ ಮಾಡಿಕೊಂಡು, ನಾನು ಸರಕು ಹೊಗಳುತ್ತಾ ನಿಂತಿದ್ದೆನೇ? ಹಾಗೆ ಅನ್ನಿಸಿದ್ದೇ ಮೈ ಉರಿಯಿತು. ಬಡಿಗ ನೋಡಿದ ಜಾಗದಲ್ಲಿ ನಾನೂ ಕಣ್ಣಿಟ್ಟೆ.

ನೋಡಬೇಕೆಂದು ನೋಡಿದರೆ ಎಲ್ಲ ಕಾಣುತ್ತಿತ್ತು. ಗೋಡೆ ಕಲ್ಲಿನದು, ಚೌಕಟ್ಟು ಅದಕ್ಕಿಂತ ಗೇಣು ಸಣ್ಣದು. ನಡುವಿನ ಸಂದಿಗೆ ಇಟ್ಟಂಗಿ ತುಂಬಿ, ಸಿಮೆಂಟು ಮೆತ್ತಿ, ಮೇಲೆ ಕೆಂಪು ಬಣ್ಣ ಬಳಿದಿದ್ದರು. ಒಂದು ಕಡೆ ಬಣ್ಣ ಸುಲಿದು ಇಟ್ಟಂಗಿಯ ಮೂಲೆ ಹಲ್ಲು ಕಿರಿದಂತೆ ಇಣುಕುತ್ತಿತ್ತು. ದೊಡ್ಡ ಕದಗಳ ಬುಡವೂ ಹೊಸ್ತಿಲಿನ ಸಿಮೆಂಟಿನಲ್ಲಿ ಹೂತಿತ್ತು. ಏಳು ತಲೆಮಾರಿನ ಹಿಂದೆ ಸಿಮೆಂಟು ಎಲ್ಲಿಂದ ಬರಬೇಕು?

ದಿಡ್ಡಿಯಿಂದ ಮತ್ತೆ ಒಳಗೆ ನುಸುಳಿ, ಯಜಮಾನರ ಕಣ್ಣು ತಪ್ಪಿಸಿ, ಹಿತ್ತಲಿಗೆ ಹೋದೆ. ಬಾಯಿಸಾಹೇಬರು ಬಿಸಿಲು ಹೋಗುವ ಮೊದಲು ಶಾವಿಗೆ ಎತ್ತುತ್ತಿದ್ದರು. ನಾನೂ ಒಂದು ಮೊರ ಹಿಡಿದು ಕೂತೆ.

"ಬಾಯಿಸಾಹೇಬ್ರ, ಆ ತಲಬಾಗಿಲಾ ಖರೇನ ಈ ಮನೀದ ಏನ್ರಿ?"

ಅವರು ಒಂದು ಗಳಿಗೆ ನನ್ನನ್ನು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಅದೇನವಾ? ಅದು ಹೊಳಿ ಕಡಿಂದ ಬಂದದ್ದು. ನಮ್ಮ ಖರೆ ಬಾಗಿಲಾ ಗೆದ್ದಲ ತಿಂದು, ನಮ್ಮಪ್ಪನ ಕಾಲಕ್ಕನ ಬಚ್ಚಲದ ಒಲಿಗಿ ಹೋತು. ಆಮ್ಯಾಲೆ ಎಷ್ಟೋ ವರ್ಷ ಬರೇ ತಗಡಿನ ಗೇಟ ಇತ್ತು. ಡ್ಯಾಮಿನ ನೀರ ಏರಿ ಹೊಳಿ ದಂಡಿ ಊರೆಲ್ಲಾ ಎಬ್ಬಿಸಿದ್ರಲ್ಲಾ, ಆವಾಗ ಆ ಕಡೆ ದೊಡ್ಡ ದೊಡ್ಡ ಮನಿ ಬಿಚ್ಚಿ ಮಾರಿದ್ರು. ತಮ್ಮ ಒಂದ ಮಧ್ಯಾಹ್ನ ಲಾರ್ಯಾಗ ಹಾಕ್ಕೊಂಡ ಬಂದಾ."

"ಮತ್ತ ತೋಫಿನ ಗುಂಡ?"

"ಅದನ್ನ ಯಾರ ಹುಟ್ಟಿಸಿದ್ರೋ ಆ ದೇವರಿಗೇ ಗೊತ್ತು. ಮೊದಲ ವರ್ಷ ಯಾರೋ ಕೇಳಿದ್ರು, ತಮ್ಮ ಸುಮ್ಮನಿದ್ದ. ಎರಡನೇ ವರ್ಷ ಹೌದು ಅಂದ. ಮೂರನೇ ವರ್ಷ ಅವನಿಗೇ ಖರೆ ಅನಸ್ತು."

ಅಂದರೆ ಬಾಗಿಲು ಈ ಗೋಡೆಯಲ್ಲಿ ಕೂತು ಹತ್ತು ವರ್ಷವೂ ಆಗಿರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಸಾವಕಾರರ ಸೊಸೆ ಕಟ್ಟೆಯ ಮೇಲೆ ಕೂತಿದ್ದಳು. ಧೈರ್ಯ ಮಾಡಿ ಹಿತ್ತಾಳೆ ಬಳೆಯ ಬಗ್ಗೆ ಕೇಳಿದೆ, ಕಂಪ್ಲೇಂಟ್ ಕೊಟ್ಟಿರೇನು ಎಂದೆ.

"ಎಂಥಾ ಕಂಪ್ಲೇಂಟ! ನಿಮ್ಮ ಮಂದಿ ಬಂದ ಬಂದ ಅದನ್ನ ಬಾರಸ್ತಾರು. ಐತವಾರ ಒಂದ ದಿನ ಮಲಗೂಣು ಅಂದ್ರ ಆಗವೊಲ್ದು. ಅದಕ್ಕ ನಾನ ಬಿಚ್ಚಿ ಒಳಗ ಇಟ್ಟೇನಿ," ಎಂದಳು.

ಕಳವು ಸುಳ್ಳಾಯಿತು. ಸಂಶಯ ಮಾತ್ರ ಹೋಗಲಿಲ್ಲ. ಆ ಬೆಲ್ಲದ ವ್ಯಾಪಾರಿಗೆ ಬಾಗಿಲಿನ ಹುಟ್ಟೂರು ಗೊತ್ತಿದೆ, ಅದು ಖಂಡಿತ. ಗೊತ್ತಿದ್ದೂ ಬಾಯಿ ಬಿಡದವನು ಏನನ್ನೋ ಹೊಂಚುತ್ತಿದ್ದಾನೆ ಎಂದೇ ಲೆಕ್ಕ ಹಾಕಿದೆ.

ಅವರು ಮೂರನೇ ಸಲ ಬಂದದ್ದು ನಡಿಗೆ ಇಲ್ಲದ ಒಂದು ರಜೆಯ ದಿನ. ನಾನು ಪೇಟೆಯಿಂದ ಕಾಯಿಪಲ್ಲೆ ತರುತ್ತಿದ್ದೆ. ಓಣಿಯ ಬಾಯಲ್ಲಿ ಜೀಪು ನಿಂತಿತ್ತು. ಅವರು ಒಬ್ಬ ಮುದುಕಿಯನ್ನು ಕೈ ಹಿಡಿದು ಇಳಿಸುತ್ತಿದ್ದರು. ಇಳಕಲ್ಲ ಸೀರೆ, ಹಣೆಯ ತುಂಬ ಬೀರೇಶ್ವರನ ಅರಿಷಿಣದ ಭಂಡಾರ. ಬಡಿಗ ಬಂದಿರಲಿಲ್ಲ. ನಾನು ಕೈಚೀಲ ಹಿಡಿದೇ ಅವರ ದಾರಿಗೆ ಅಡ್ಡ ನಿಂತೆ.

"ಖರೆ ಹೇಳ್ರಿ, ನೀವ್ಯಾರು? ಈ ಬಾಗಲದ ಹಿಂದ ಯಾಕ ಬಿದ್ದೀರಿ?"

ಅವರು ತಬ್ಬಿಬ್ಬಾದರು. ಆದರೆ ತಪ್ಪಿಸಿಕೊಳ್ಳಲಿಲ್ಲ. "ಇದನ್ನ ಕೊಳ್ಳಾಕ ಬಂದೇನ್ರಿ," ಎಂದರು.

ನನ್ನ ಸಂಶಯ ಖರೆಯೇ ಆಯಿತಲ್ಲ ಎಂದು ಒಳಗೊಳಗೇ ಒಂದು ಬಗೆಯ ಸಮಾಧಾನ. ಅಷ್ಟರಲ್ಲಿ ಅವರೇ ಮುಂದುವರಿಸಿದರು. "ನಮ್ಮದು ಮೂಲ ಬೀಳಗಿ ತಾಲೂಕಿನ್ಯಾಗ ಹೊಳಿ ದಂಡಿ ಊರರಿ. ಈಗ ನೀರಾಗೈತಿ. ನಮ್ಮೂರ ದೇಸಾಯರ ವಾಡೇದ ಬಾಗಲಾ ಇದು. ಮುಧೋಳದ ಕಟ್ಟಿಗಿ ವ್ಯಾಪಾರಿ ಒಬ್ಬಾಂವ ಜಮಖಂಡಿಗಿ ಹೋಗೇತಿ ಅಂದಿದ್ದ. ಎಲ್ಲೆಲ್ಲಿ ಹುಡುಕಲಿ? ನಿಮ್ಮ ನಡಗಿ ಸುದ್ದಿ ಕೇಳಿ ಬಂದ್ನಿ. ಪುನರ್ವಸತಿಯೊಳಗ ಹೊಸಾ ಮನಿ ಕಟ್ಟಾಕತ್ತೇನಿ. ಅದಕ್ಕ ಇದನ್ನ ಕುಂದ್ರಸಬೇಕಂತ ಐತಿ."

"ಮೊದಲ ದಿನಾನ ಯಾಕ ಹೇಳಲಿಲ್ರಿ?"

"ಹೆಂಗ ಹೇಳ್ಲಿ? ನೀವು ಅಷ್ಟ ಮಂದಿ ಮುಂದ ಏಳು ತಲಿಮಾರು ಅಂತ ಹೇಳಾಕತ್ತಿದ್ರಿ. ಸುಳ್ಳ ಅಂದ್ರ ನಿಮಗ ಅಪಮಾನ ಆಗತಿತ್ತು. ಮತ್ತ ನಂದೂ ಖಾತ್ರಿ ಇರಲಿಲ್ಲ. ಅದಕ್ಕ ಅವ್ವನ್ನ ಕರಕೊಂಡ ಬಂದೇನಿ."

ಅವ್ವ ನಮ್ಮ ಮಾತು ಕೇಳುತ್ತಿರಲಿಲ್ಲ. ತಾನೇ ನಡೆದು ಬಾಗಿಲಿನ ಮುಂದೆ ಹೋಗಿ ನಿಂತಿದ್ದಳು. ಬಳ್ಳಿಯನ್ನಾಗಲಿ ಗಿಳಿಯನ್ನಾಗಲಿ ನೋಡಲಿಲ್ಲ. ಬಗ್ಗಿ ದಿಡ್ಡಿಯ ತಗಡಿನ ಮೇಲೆ ಅಂಗೈ ಇಟ್ಟಳು.

"ಇದ ಲೇ," ಎಂದಳು ಮಗನಿಗೆ. "ನಮ್ಮ ಟಗರ ಗುದ್ದಿದ್ದು ಇದ."

ಮಾತು ಕೇಳಿ ಯಜಮಾನರು ದಿಡ್ಡಿಯಿಂದ ತಲೆ ಹೊರಗೆ ಹಾಕಿದರು. ಕೋಟಿನ ಗುಂಡಿ ಹಾಕಿರಲಿಲ್ಲ. "ಏನದು ಟಗರು? ಅದು ತೋಫಿನ ಗುಂಡ ಬಡದದ್ದು," ಎಂದರು. ದನಿ ಮೇಲಿತ್ತು, ಆದರೆ ಕಣ್ಣು ನನ್ನ ಕಡೆ ತಿರುಗಿ, ಸಾಕ್ಷಿ ಹೇಳು ಎನ್ನುವಂತೆ ನಿಂತಿತು. ನಾನು ಕೈಚೀಲದೊಳಗಿನ ಬದನೆಕಾಯಿ ನೋಡಿದೆ.

ಮುದುಕಿ ಜೋರಾಗಿ ನಕ್ಕಳು. "ಟಗರ ಐತ್ರಿ ಯಪ್ಪಾ. ನಾ ಕಣ್ಣಿಲೆ ನೋಡೇನಿ." ಕಟ್ಟೆಯ ಮೇಲೆ ಕೂತು ಅವಳು ಹೇಳಿದಳು. ಬನ್ನಿ ಹಬ್ಬಕ್ಕೆ ಕುರುಬರ ಮನೆಗಳಿಂದ ದೇಸಾಯರಿಗೆ ಒಂದು ಟಗರು ಕೊಡುವುದು ವಾಡಿಕೆ. ಅವಳು ಮದುವೆಯಾಗಿ ಬಂದ ಮೊದಲ ವರ್ಷ. ಗಂಡ ಟಗರನ್ನು ಹಿಡಿದು ಮುಂದೆ, ಅವಳು ಹಿಂದೆ. ಅವರು ಒಳಗೆ ಹೋಗುವಂತಿಲ್ಲ, ಹೊರಗೇ ನಿಲ್ಲಬೇಕು. ಯಾರೋ ಗರ್ನಾಲು ಹಾರಿಸಿದರು. ಟಗರು ಬೆದರಿ, ಹಗ್ಗ ಹರಿದುಕೊಂಡು, ಇದ್ದ ಶಕ್ತಿಯೆಲ್ಲ ಹಾಕಿ ದಿಡ್ಡಿ ಬಾಗಿಲಿಗೆ ಗುದ್ದಿತು. ಹಲಗೆ ಸೀಳಿತು.

"ಮನಿತನದ ಬಾಗಲಾ ಒಡದ್ರಿ ಅಂತ ಹೊಡ್ಯಾಕ ಬಂದ್ರು. ಕಂಬಾರನ್ನ ಕರಸಿ ತಗಡ ಬಡಸಿದ್ರು. ಇವನಪ್ಪ ಒಂದ ವರ್ಷ ಕೂಳಿಲ್ದ ಕೂಲಿಲ್ದ ದೇಸಾಯರ ದನಾ ಕಾಯಬೇಕು ಅಂತ ಹೇಳಿದ್ರು. ಕಾಯ್ದಾ. ಇವನ್ನ ಹೊಟ್ಯಾಗ ಇಟಗೊಂಡ ನಾ ಒಬ್ಬಾಕೀನ ಕುರಿ ಹಿಂದ ತಿರಗೀನಿ."

ಮಹಡಿಯ ಟ್ಯೂಶನ್ ಕ್ಲಾಸಿನಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಮಗ ಯಜಮಾನರಿಗೆ ಕೈಮುಗಿದು, "ಸಾಹೇಬ್ರ, ನೀವು ಏನ ಹೇಳ್ತೀರಿ ಅದನ್ನ ಕೊಡತೀನಿ. ಬಾಗಲಾ ನನಗ ಕೊಡ್ರಿ," ಎಂದರು.

"ವಾಡೇದ ತಲಬಾಗಿಲಾ ಯಾರರೆ ಮಾರತಾರೇನು?" ಯಜಮಾನರು ಸಿಡಿದರು. "ನಮ್ಮ ಮನಿತನ ಅಂದ್ರ ಏನಂತ ತಿಳಕೊಂಡೀರಿ?"

ಅದಕ್ಕೆ ಉತ್ತರ ಕೊಟ್ಟವಳು ಮುದುಕಿ. ಆದರೆ ಕೊಟ್ಟದ್ದು ಮಗನಿಗೆ. "ಹುಚ್ಚ ಹಿಡದೇತೇನ ನಿನಗ? ಇದನ್ನ ತಂದ ನಮ್ಮ ಮನಿಗಿ ಹಚ್ಚತೀ? ನಾ ದಿನಾ ಮುಂಜಾನೆದ್ದ ಇದರ ಮಾರಿ ನೋಡ್ಲಿ? ನಂಗ ಬ್ಯಾಡ. ಒಮ್ಮಿ ಇದರೊಳಗಿಂದ ಹಾಯಬೇಕಂತ ಆಸೆ ಇತ್ತು, ಅಷ್ಟ. ದೊಡ್ಡ ಕದಾ ತೆಗಸ್ರಿ, ಒಳಗ ಹೋಗಿ ಹೊರಗ ಬರತೀನಿ."

ಮಗ ಮುಗಿದ ಕೈ ಇಳಿಸಿ ಅವ್ವನ ಕಡೆ ತಿರುಗಿದರು. ಊರು ಮುಳುಗಿದಾಗಿನಿಂದ ಈ ಬಾಗಿಲಿನ ಆಸೆ ಕಟ್ಟಿಕೊಂಡಿದ್ದವರಂತೆ. ಅವ್ವನಿಗೆ ಖುಷಿಯಾಗುತ್ತದೆ ಎಂದುಕೊಂಡೇ ಇಷ್ಟು ತಿರುಗಿದ್ದರು. ಅವ್ವನನ್ನು ಒಮ್ಮೆಯೂ ಕೇಳಿರಲಿಲ್ಲ.

ಯಜಮಾನರ ಸಿಟ್ಟು ಇಳಿದು ಬೇರೆ ಫಜೀತಿ ಶುರುವಾಯಿತು. ದೊಡ್ಡ ಕದ ತೆರೆಯುವಂತೆಯೇ ಇರಲಿಲ್ಲ. ಕೂರಿಸುವಾಗ ಗಡಿಬಿಡಿಯಲ್ಲಿ ಬುಡವನ್ನೇ ಸಿಮೆಂಟಿನಲ್ಲಿ ಹೂತಿದ್ದರು. ಈ ಮನೆಗೆ ಬಂದಮೇಲೆ ಅದು ಒಂದು ಸಲವೂ ತೆರೆದಿರಲಿಲ್ಲ. ಅವರ ಮಗನ ಮದುವೆಯ ದಿಬ್ಬಣವೂ ನಡು ಬಗ್ಗಿಸಿ ದಿಡ್ಡಿಯಿಂದಲೇ ಒಳಗೆ ಹೋಗಿತ್ತು. "ಅದು... ಬಿಗಿ ಆಗೇದ... ದಿಡ್ಡಿಯಿಂದ ಬರ್ರಿ," ಎಂದರು ನೆಲ ನೋಡುತ್ತಾ.

"ಬಗ್ಗಿ ಹೋಗೂದಾದ್ರ ನಾ ಒಲ್ಲೆ," ಎಂದಳು ಮುದುಕಿ. ಅದರಲ್ಲಿ ಜಗಳ ಇರಲಿಲ್ಲ. ಊಟ ಬೇಡ ಎಂದಷ್ಟು ಸಹಜವಾಗಿ ಹೇಳಿದಳು.

ಆಗ ಒಳಗಿನಿಂದ ಬಾಯಿಸಾಹೇಬರ ದನಿ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ. "ಸರಿ ಹಿಂದಕ್ಕ," ಎಂದು ತಮ್ಮನನ್ನು ಸರಿಸಿ, ಮೊಣಕಾಲು ಹಿಡಿದುಕೊಂಡು, ಸೆರಗು ಸಾವರಿಸಿ, ದಿಡ್ಡಿಯಲ್ಲಿ ಪೂರಾ ಬಗ್ಗಿ ಅವರೇ ಹೊರಗೆ ಬಂದರು. ಅವರು ಓಣಿಯಲ್ಲಿ ನಿಂತದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಬಂದು ಕಟ್ಟೆಯ ಮೇಲೆ ಮುದುಕಿಯ ಬಾಜೂಕೆ ಕೂತರು. "ಚಹಾ ಇಲ್ಲೇ ಕಳಸ್ರಿ," ಎಂದು ಸೊಸೆಯಂದಿರಿಗೆ ಕೂಗಿದರು.

"ನಿನ್ನ ಟಗರ ಏನಾತವಾ ಆಮ್ಯಾಲೆ?" ಎಂದು ಕೇಳಿದರು.

"ಏನಾಕ್ಕೇತ್ರಿ? ಆ ಹಬ್ಬದಾಗ ಅವರ ಕೊಯ್ಕೊಂಡ ತಿಂದ್ರು."

ಇಬ್ಬರೂ ಕೂಡಿ ನಕ್ಕರು. ಚಹಾ ಬಂತು. ನನಗೂ ಒಂದು ಕಪ್ಪು ಕೊಟ್ಟರು. ಆಮೇಲೆ ಅವರಿಬ್ಬರೂ ಮಾತಾಡಿದ್ದು ಹೊಳೆಯ ಸುದ್ದಿ, ಮೊಣಕಾಲಿಗೆ ಹಚ್ಚುವ ಎಣ್ಣೆಯ ಸುದ್ದಿ. ಬಾಗಿಲಿನ ಮಾತು ಮತ್ತೆ ಬರಲಿಲ್ಲ. ಯಜಮಾನರು ದಿಡ್ಡಿಯ ಒಳಗೆ ನಿಂತೇ ಇದ್ದರು. ಹೊರಗೂ ಬರಲಿಲ್ಲ, ಒಳಗೂ ಹೋಗಲಿಲ್ಲ.

ಆ ಮೇಲೆ ಒಂದಷ್ಟು ವಾರ ನಾನು ಆ ಓಣಿಗೆ ಗುಂಪು ಕರೆದೊಯ್ಯಲಿಲ್ಲ. ವಕೀಲರಿಗೆ ಎಲ್ಲ ಹೇಳಿದಾಗ ಅವರು, "ತೋಫಿನ ಗುಂಡ ಛಲೋ ಇತ್ತು," ಎಂದರು. ಅವರಿಗೆ ಮೊದಲೇ ಗೊತ್ತಿತ್ತೇ ಎಂದು ಇಂದಿಗೂ ನನಗೆ ಅನುಮಾನ. ಕೇಳುವ ಮೊದಲೇ ಅವರು ತೀರಿಕೊಂಡರು.

ಬೇಸಿಗೆ ರಜೆಯಲ್ಲಿ ಒಂದು ದಿನ ದೊಡ್ಡ ವಾಡೇದ ಮುಂದೆ ಗವಂಡಿಗಳು ಕೂತು ಹೊಸ್ತಿಲು ಒಡೆಯುತ್ತಿದ್ದರು. ಮಾರುತ್ತಿದ್ದಾರೆ, ಗಿರಾಕಿ ಸಿಕ್ಕಿರಬೇಕು ಎಂದು ನನ್ನ ಹಳೇ ಬುದ್ಧಿ ಕೂಡಲೇ ಹೇಳಿತು. ಹಾಗೇನೂ ಆಗಲಿಲ್ಲ. ಬುಡದ ಸಿಮೆಂಟು ಕಿತ್ತು, ಕೀಲುಗಳಿಗೆ ಎಣ್ಣೆ ಹಾಕಿ, ಎರಡೂ ಕದ ತೆರೆಯುವಂತೆ ಮಾಡಿಸಿದರು. ಬಾಯಿಸಾಹೇಬರ ಹಟವೋ ಯಜಮಾನರದೇ ಮನಸ್ಸೋ ತಿಳಿಯಲಿಲ್ಲ. ಮುದುಕಿಗೆ ಹೇಳಿ ಕಳಿಸಿದರೇ ಎಂದು ಬಾಯಿಸಾಹೇಬರನ್ನು ಕೇಳಿದೆ. "ಕಳಿಸಿದ್ವಿ. ನನಗ ಈಗ ಪುರಸೊತ್ತಿಲ್ಲ, ಕುರಿ ಈದಾವು ಅಂತ ಹೇಳ್ಯಾಳ," ಎಂದರು.

ಮಳೆಗಾಲ ಮುಗಿದ ಮೇಲೆ ನಡಿಗೆ ಮತ್ತೆ ಶುರು ಮಾಡಿದೆ. ಮೊದಲ ಭಾನುವಾರವೇ, ನಾನು ಬಾಯಿ ತೆರೆಯುವ ಮೊದಲೇ, ಯಜಮಾನರು ಕೋಟು ಹಾಕಿಕೊಂಡು ಹೊರಗೆ ಬಂದು ತಗಡನ್ನು ಮುಟ್ಟಿ ಹೇಳತೊಡಗಿದರು. "ಈ ಬಾಗಿಲಿಗೆ ಒಂದು ಟಗರಿನ ಕತಿ ಅದರಿ. ಬನ್ನಿ ಹಬ್ಬದಾಗ, ಗರ್ನಾಲಿನ ಸಪ್ಪಳಕ್ಕ ಬೆದರಿ..." ಎಲ್ಲವನ್ನೂ ಸೊಗಸಾಗಿ ಹೇಳಿದರು. ಹಗ್ಗ ಹರಿದದ್ದು, ಹಲಗೆ ಸೀಳಿದ್ದು, ಕಂಬಾರ ಬಂದದ್ದು. ಆದರೆ ಎಲ್ಲಿಯೂ ಬೇರೆ ಊರಿನ ಮಾತಿಲ್ಲ. ಹಬ್ಬವೂ ಇವರದೇ, ದೇಸಾಯರ ಜಾಗದಲ್ಲಿ ಇವರ ಅಜ್ಜನೇ. ಅಜ್ಜ ದೊಡ್ಡ ಮನಸ್ಸಿನಿಂದ ಕುರಿಯವನನ್ನು ಕ್ಷಮಿಸಿ, ಧೋತರ ಕೊಟ್ಟು ಕಳಿಸಿದನಂತೆ. ಜನ ಕೈ ತಟ್ಟಿದರು. ನಾನು ಅವರ ಮನೆಯ ಮುಂದೆಯೇ ನಿಂತು ಎದುರಾಡಲಾಗದೆ ಗುಂಪನ್ನು ಕರೆದುಕೊಂಡು ಬಂದೆ.

ಕೆಲವು ದಿನಗಳ ನಂತರ ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಬೆಲ್ಲದ ವ್ಯಾಪಾರಿ ಸಿಕ್ಕರು. ಹೊಸ ಮನೆಗೆ ಕಬ್ಬಿಣದ ಗೇಟು ಹಾಕಿಸಿದೆ ಎಂದರು. ನಾನು ಟಗರಿನ ಕತೆ ಈಗ ಯಾರ ಬಾಯಲ್ಲಿದೆ ಎಂಬುದನ್ನು ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಕು, ಮನೆಗೆ ಹೋಗಿ ಅವ್ವನಿಗೆ ಹೇಳುತ್ತೇನೆ ಎಂದರು. ಮರುದಿನ ಸಂಜೆ ಫೋನ್ ಬಂತು.

"ಅವ್ವ ಏನಂತಾಳ ಗೊತ್ತೇನ್ರಿ ಅಕ್ಕಾರ? ಟಗರ ಅವರದ ಆಗಲಿ ಅಂತ. ಆದ್ರ ನಮ್ಮಪ್ಪ ದನಾ ಕಾಯ್ದ ವರ್ಷಾ ಅವರದಲ್ಲ, ಅದನ್ನ ಬಿಡದಂಗ ಹೇಳ್ರಿ ಅಂತಾಳ."

ಯಜಮಾನರಿಗೆ ಹೇಳಿದೆ. "ಅದರ ಗರಜ ಇಲ್ಲ," ಎಂದರು.

ಮುಂದಿನ ಭಾನುವಾರ ಅವರು ಎಂದಿನಂತೆ ಕತೆ ಹೇಳಿ, ಧೋತರ ಕೊಟ್ಟಲ್ಲಿಗೆ ನಿಲ್ಲಿಸಿದರು. ಜನ ಕೈ ತಟ್ಟುವ ಮೊದಲೇ ನಾನು ಮುಂದೆ ಬಂದು, ಧೋತರ ಕೊಡಲಿಲ್ಲ, ಈ ಬಾಗಿಲು ಆಗ ಈ ಊರಿನಲ್ಲೂ ಇರಲಿಲ್ಲ ಎಂದೆ. ಆ ಮನುಷ್ಯ ಒಂದು ವರ್ಷ ಬಿಟ್ಟಿಯಾಗಿ ದನ ಕಾಯ್ದ, ಅವನ ಬಸುರಿ ಹೆಂಡತಿ ಒಬ್ಬಳೇ ಕುರಿ ಹಿಂದೆ ತಿರುಗಿದಳು ಎಂದೆ. ಯಜಮಾನರು ನನ್ನನ್ನು ದುರುಗುಟ್ಟಿ ನೋಡಿದರು. ನಿಂತ ಜನರಿಗೆ ಯಾರನ್ನು ನಂಬಬೇಕೋ ತಿಳಿಯಲಿಲ್ಲ. ಒಬ್ಬ ಹೆಂಗಸು ಮಾತ್ರ ತಗಡನ್ನು ಬಿಟ್ಟು, ಚೌಕಟ್ಟಿನ ಪಕ್ಕದ ಇಟ್ಟಂಗಿಯನ್ನು ಬಗ್ಗಿ ನೋಡತೊಡಗಿದಳು.